ಆಪರೇಷನ್ ತಾರೀಖು ಇಲ್ಲದ ಕಾಯಿಲೆ

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಕೂತೇ ಮಾತಾಡುತ್ತೇನೆ, ಕ್ಷಮಿಸಬೇಕು. 31 ವರ್ಷ ಇದೇ ಮುಂಬಯಿಯ ಮುನಿಸಿಪಲ್ ಕನ್ನಡ ಶಾಲೆಗಳಲ್ಲಿ ನಿಂತುಕೊಂಡೇ ಪಾಠ ಮಾಡಿದವಳು ನಾನು. ಕುರ್ಚಿಯಲ್ಲಿ ಕೂತು ಪಾಠ ಮಾಡುವ ಮಾಸ್ತರರನ್ನು ಕಂಡರೆ ಆಗುತ್ತಿರಲಿಲ್ಲ. ಈಗ ನನ್ನ ಸರದಿ. ನಡುನಡುವೆ ಮಾತು ನಿಲ್ಲಿಸುತ್ತೇನೆ. ಆಗ ಮುಗಿಯಿತೆಂದು ಚಪ್ಪಾಳೆ ಹೊಡೆಯಬೇಡಿ, ಉಸಿರು ಎಳೆದುಕೊಳ್ಳುತ್ತಿರುತ್ತೇನೆ ಅಷ್ಟೆ. ಪಕ್ಕದಲ್ಲಿರುವ ಈ ಸಣ್ಣ ಸಿಲಿಂಡರನ್ನು ನೋಡಿ ಮುಂದಿನ ಸಾಲಿನ ಮಕ್ಕಳು ಸ್ವಲ್ಪ ಹಿಂದೆ ಸರಿದರು. ಹೆದರಬೇಡಿ ಮಕ್ಕಳೇ, ಇದು ಅಂಟುವ ಕಾಯಿಲೆಯಲ್ಲ. ಕೆಮ್ಮಿದರೆ ಲಿಫ್ಟಿನಲ್ಲಿ ದೊಡ್ಡವರೂ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾರೆ. ಕೋವಿಡ್ ಬಂದುಹೋದ ಮೇಲೆ ಅದೊಂದು ಅಭ್ಯಾಸವಾಗಿದೆ.

ನನ್ನ ಕಾಯಿಲೆಯ ಹೆಸರು ಪಲ್ಮನರಿ ಫೈಬ್ರೋಸಿಸ್. ಶ್ವಾಸಕೋಶ ನಾರುಗಟ್ಟುವುದು. ಎಳೆ ಹೀರೇಕಾಯಿಯನ್ನು ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ಅದನ್ನೇ ಬಳ್ಳಿಯಲ್ಲಿ ಬಲಿಯಲು ಬಿಟ್ಟರೆ ಒಳಗೆಲ್ಲ ಒಣ ನಾರು. ಊರಲ್ಲಿ ಅದರಿಂದಲೇ ಮೈ ಉಜ್ಜುತ್ತಿದ್ದೆವಲ್ಲ, ಆ ನಾರು. ಎದೆಯೊಳಗೆ ಸುಮಾರು 30 ಕೋಟಿ ಗಾಳಿಚೀಲಗಳಿವೆ. ಅವುಗಳ ಗೋಡೆ ಬಹಳ ತೆಳು. ಆ ಗೋಡೆಯ ಮೂಲಕವೇ ಆಮ್ಲಜನಕ ರಕ್ತಕ್ಕೆ ಹೋಗಬೇಕು. ಗಾಯ ಮಾಗಿದ ಮೇಲೆ ಉಳಿಯುವ ಕಲೆಯ ಹಾಗೆ ಅಲ್ಲಿ ನಾರು ಕಟ್ಟಿಕೊಂಡರೆ ಗೋಡೆ ದಪ್ಪವಾಗುತ್ತದೆ, ಶ್ವಾಸಕೋಶ ಬಿಗಿಯಾಗುತ್ತದೆ. ಗಾಳಿ ಒಳಗೆ ಹೋದರೂ ಅದರಲ್ಲಿರುವುದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಮ್ಮೆ ಕಟ್ಟಿದ ನಾರು ಮತ್ತೆ ಕರಗುವುದಿಲ್ಲ.

ಶುರುವಾದದ್ದು ಒಣಕೆಮ್ಮಿನಿಂದ. ಕಫ ಇಲ್ಲ, ಜ್ವರ ಇಲ್ಲ. ಶಾಲೆಯ ಮೆಟ್ಟಿಲು ಹತ್ತುವಾಗ ಏದುಸಿರು. ವಯಸ್ಸಾಯಿತು ಎಂದುಕೊಂಡೆ. ಸೀಮೆಸುಣ್ಣದ ಧೂಳು ಎಂದರು ಸಹೋದ್ಯೋಗಿಗಳು. ಒಬ್ಬ ವೈದ್ಯರು ಅಲರ್ಜಿ ಎಂದರು, ಇನ್ನೊಬ್ಬರು ಅಸ್ತಮಾ ಎಂದು ಪಂಪು ಕೊಟ್ಟರು, ಮೂರನೆಯವರು ಎಕ್ಸ್‌ರೇ ನೋಡಿ ಟಿಬಿ ಇರಬಹುದು ಎಂದರು. ಒಂದೂವರೆ ವರ್ಷ ಹೀಗೇ ಹೋಯಿತು. ಅವರನ್ನು ಬೈಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಕೆಮ್ಮಿಗೆ ಮೊದಲು ನೆನಪಾಗುವುದೇ ಟಿಬಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಒಂದೂವರೆ ವರ್ಷ ನನಗೆ ದುಬಾರಿಯಾಯಿತು.

ಕೊನೆಗೆ ಎದೆರೋಗದ ತಜ್ಞರೊಬ್ಬರ ಬಳಿ ಹೋದಾಗ ಅವರು ಮೊದಲು ನೋಡಿದ್ದು ನನ್ನ ಬೆರಳನ್ನು. ತುದಿ ದಪ್ಪವಾಗಿ ಉಗುರು ಗಿಣಿಯ ಕೊಕ್ಕಿನಂತೆ ಬಾಗಿತ್ತು. ಬಳೆ ಹಾಕಿಕೊಳ್ಳುವ ಕೈಯನ್ನು ದಿನಾ ನೋಡುತ್ತಿದ್ದವಳಿಗೆ ಅದು ಕಂಡಿರಲಿಲ್ಲ. ಆಮೇಲೆ ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು, ಮಕ್ಕಳ ಬೂಟಿನ ವೆಲ್ಕ್ರೋ ಪಟ್ಟಿ ಕಿತ್ತಾಗ ಬರುವ ಸದ್ದು ಕೇಳುತ್ತಿದೆ ಎಂದರು. ಎಚ್‌ಆರ್‌ಸಿಟಿ ಸ್ಕ್ಯಾನ್ ಮಾಡಿಸಿದರು, ಊದುವ ಪರೀಕ್ಷೆ ಮಾಡಿಸಿದರು, ಸಂಧಿವಾತದಂಥ ಕಾಯಿಲೆ ಇದೆಯೇ ಎಂದು ರಕ್ತ ನೋಡಿದರು. ಆರು ನಿಮಿಷ ಕಾರಿಡಾರಿನಲ್ಲಿ ನಡೆಸಿದರು. ಕೂತಾಗ 95 ಇದ್ದ ಆಮ್ಲಜನಕ ನಡೆದ ಮೇಲೆ 83. ಇದನ್ನು ನೀವೆಲ್ಲ ನೆನಪಿಡಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಬಂದಿದೆ. ಅದನ್ನು ಕೂತು ನೋಡಿ ಎಲ್ಲ ಸರಿ ಇದೆ ಎಂದುಕೊಳ್ಳಬೇಡಿ. ತಿಂಗಳುಗಟ್ಟಲೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಉಬ್ಬಸ ಇರುವವರು ನಡೆದು ಬಂದ ಕೂಡಲೇ ನೋಡಬೇಕು. ಸಂಖ್ಯೆ ಇಳಿದರೆ ಎದೆರೋಗದ ವೈದ್ಯರಿಗೇ ತೋರಿಸಬೇಕು.

ಆ ವೈದ್ಯರು ಆಮೇಲೆ ಕೇಳಿದ ಪ್ರಶ್ನೆಗೆ ನನಗೆ ನಗು ಬಂತು. “ಟೀಚರ್, ಮನೆಯಲ್ಲಿ ಪಾರಿವಾಳ ಇದೆಯಾ?” ಸಾಕಿಲ್ಲ ಎಂದೆ. “ಸಾಕಬೇಕಾಗಿಲ್ಲ, ಕಿಟಕಿಗೆ ಬರುತ್ತದಾ?” ಎಂದರು. ಮುಂಬಯಿಯಲ್ಲಿ ಯಾರ ಕಿಟಕಿಗೆ ಬರುವುದಿಲ್ಲ ಹೇಳಿ? ನಮ್ಮ ಅಡುಗೆಮನೆಯ ಹಿಂದಿನ ಡಕ್ಟಿನಲ್ಲಿ, ಎಸಿಯ ಡಬ್ಬಿಯ ಮೇಲೆ, ಇಪ್ಪತ್ತು ವರ್ಷದಿಂದ ಪಾರಿವಾಳಗಳ ಸಂಸಾರ. ಪ್ರತಿ ಭಾನುವಾರ ಒಣಗಿದ ಹಿಕ್ಕೆಯನ್ನು ಸೀರೆಯ ಸೆರಗು ಮೂಗಿಗೆ ಕಟ್ಟಿಕೊಂಡು ಪೊರಕೆಯಿಂದ ಕೆರೆದು ತೆಗೆಯುತ್ತಿದ್ದವಳು ನಾನೇ. ಹಿಕ್ಕೆಯಲ್ಲಿ, ಗರಿಯ ಪುಡಿಯಲ್ಲಿ ಇರುವ ಪ್ರೋಟೀನಿಗೆ ಕೆಲವರ ದೇಹ ಶತ್ರು ಬಂದಂತೆ ಪ್ರತಿಕ್ರಿಯಿಸುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ. ನನ್ನ ಯಜಮಾನರಿಗೆ ಏನೂ ಆಗಲಿಲ್ಲ, ಅದೇ ಮನೆ, ಅದೇ ಗಾಳಿ. ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂದು ಇದರ ಹೆಸರು. ಬೇಗ ಗೊತ್ತಾಗಿ ಕಾರಣದಿಂದ ದೂರವಾದರೆ, ಸ್ಟಿರಾಯ್ಡ್ ಕೊಟ್ಟರೆ ಹಲವರಿಗೆ ಹತೋಟಿಗೆ ಬರುತ್ತದೆ. ತಡವಾದರೆ ನಾರು ಕಟ್ಟುತ್ತದೆ. ನನಗೆ ತಡವಾಗಿತ್ತು.

ಇದು ನನ್ನೊಬ್ಬಳ ದುರದೃಷ್ಟ ಎಂದುಕೊಂಡಿದ್ದೆ. ಅಲ್ಲ. ನಮ್ಮ ದೇಶದ 19 ನಗರಗಳ 27 ಆಸ್ಪತ್ರೆಗಳಲ್ಲಿ ಇಂಥ ಶ್ವಾಸಕೋಶದ ಕಾಯಿಲೆ ಇದ್ದ 1084 ರೋಗಿಗಳ ವಿವರ ಕೂಡಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಅವರಲ್ಲಿ ಶೇಕಡಾ 47 ಮಂದಿಗೆ ಇದ್ದದ್ದು ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಏರ್ ಕೂಲರ್ ಬಳಸುತ್ತಿದ್ದವರು ಅದರಲ್ಲಿ ಬಹಳ. ನೀರು ಬದಲಿಸದೆ, ಹುಲ್ಲಿನ ಪ್ಯಾಡಿನಲ್ಲಿ ಬೂಷ್ಟು ಬೆಳೆದ ಕೂಲರಿನ ಗಾಳಿಯೂ ಇದೇ ಕೆಲಸ ಮಾಡುತ್ತದೆ. ಮುಂಬಯಿಯ ಸೆಕೆಗೆ ಕೂಲರ್ ಕೆಲಸಕ್ಕೆ ಬಾರದು, ನಮಗೆ ಪಾರಿವಾಳವೇ ಸಾಕು. ಆದರೆ ದೆಹಲಿ, ಹೈದರಾಬಾದಿನಲ್ಲಿರುವ ನಮ್ಮವರಿಗೆ ಈ ಮಾತು ತಲುಪಿಸಿ.

2025ರ ಆಗಸ್ಟಿನಲ್ಲಿ ದಾದರಿನ ಕಬೂತರ್‌ಖಾನೆಗೆ ಮಹಾನಗರಪಾಲಿಕೆ ಟಾರ್ಪಾಲು ಹೊದಿಸಿದಾಗ ಎಷ್ಟು ಗಲಾಟೆಯಾಯಿತು ನಿಮಗೆ ಗೊತ್ತಿದೆ. ಕಾಳು ಹಾಕುವುದು ಪುಣ್ಯ ಎಂದು ನಂಬಿದವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ನನ್ನ ತಾಯಿಯೂ ಅಂಗಳದಲ್ಲಿ ಕಾಗೆಗೆ ಅನ್ನ ಇಡುತ್ತಿದ್ದರು. ನಾನು ಕೇಳುವುದು ಇಷ್ಟೆ. ನಿಮ್ಮ ಕಿಟಕಿಗೆ ಬಲೆ ಹಾಕಿಸಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿ ನೆನೆಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಕೆಲಸದ ಬಾಯಿಗೆ ಆ ಕೆಲಸ ಹೇಳಿದರೆ ಅವಳಿಗೂ ಮಾಸ್ಕ್ ಕೊಡಿ.

ಈಗ ಇನ್ನೊಬ್ಬರ ವಿಷಯ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ಕುಂದಾಪುರದ ಕಡೆಯವರು, 14ನೇ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು ತೊಳೆಯುವುದರಿಂದ ಶುರುಮಾಡಿ ಭಟ್ಟಿಯ ಮುಂದೆ ನಿಂತವರು. ರಾತ್ರಿಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದರು. ಈಗ 64 ವರ್ಷ. ನಾನು ಅವರನ್ನು ಅಣ್ಣ ಎಂದು ಕರೆಯುತ್ತೇನೆ. ಎದೆರೋಗದ ಒಪಿಡಿಯ ಬೆಂಚಿನಲ್ಲಿ ಪರಿಚಯವಾದದ್ದು, ನಾನು ಮಗಳ ಜೊತೆ ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ “ಅಮ್ಮಾ, ಯಾವ ಊರು?” ಎಂದು ಕೇಳಿದರು.

ಅವರದ್ದು ಐಪಿಎಫ್. ಕಾರಣ ತಿಳಿಯದ ಬಗೆಯ ಫೈಬ್ರೋಸಿಸ್. ಹೆಚ್ಚಾಗಿ 60 ದಾಟಿದವರಿಗೆ, ಗಂಡಸರಿಗೆ ತುಸು ಜಾಸ್ತಿ, ಬೀಡಿ ಸಿಗರೇಟು ಸೇದಿದವರಿಗೆ ಇನ್ನೂ ಜಾಸ್ತಿ. ಹೊರಗಿನಿಂದ ನೋಡಿದರೆ ಅವರದೂ ನನ್ನದೂ ಒಂದೇ ಕಾಯಿಲೆ, ಅದೇ ಕೆಮ್ಮು, ಅದೇ ಉಬ್ಬಸ. ಆದರೆ ನನಗೆ ಕೊಟ್ಟ ಸ್ಟಿರಾಯ್ಡನ್ನು ಅವರಿಗೆ ದಿನಾ ಕೊಡುವಂತಿಲ್ಲ. ಐಪಿಎಫ್‌ಗೆ ಸ್ಟಿರಾಯ್ಡ್ ಜೊತೆ ಬೇರೆ ಎರಡು ಔಷಧಿ ಸೇರಿಸಿ ಕೊಡುವ ಹಳೆಯ ಪದ್ಧತಿಯಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು ಎಂದು 2012ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಅದಕ್ಕೇ ಹೇಳುತ್ತೇನೆ, ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಮಾತ್ರೆ ತಗೊಳ್ಳಬೇಡಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದು ಬಹಳ ನಡೆಯುತ್ತದೆ.

ಐಪಿಎಫ್‌ಗೆ ಮುಖ್ಯವಾಗಿ ಎರಡು ಔಷಧಿ, ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್. 2014ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಎರಡಕ್ಕೂ ಒಂದೇ ದಿನ ಅನುಮತಿ ಸಿಕ್ಕಿತು. ನಮ್ಮಲ್ಲಿ ಭಾರತದ ಕಂಪನಿಗಳೇ ತಯಾರಿಸುತ್ತವೆ. ಇವು ಕಟ್ಟಿದ ನಾರನ್ನು ಕರಗಿಸುವುದಿಲ್ಲ, ಹೊಸದಾಗಿ ಕಟ್ಟುವುದನ್ನು ನಿಧಾನ ಮಾಡುತ್ತವೆ. ಅಂದರೆ ತೆಗೆದುಕೊಂಡರೆ ಸುಧಾರಿಸಿದಂತೆ ಅನಿಸುವುದಿಲ್ಲ. ತಲೆನೋವಿನ ಮಾತ್ರೆ ನುಂಗಿದರೆ ನೋವು ಹೋಗುತ್ತದೆ, ಇದರಲ್ಲಿ ಏನೂ ತಿಳಿಯುವುದಿಲ್ಲ. ತಿಳಿಯುವುದು ಅಡ್ಡಪರಿಣಾಮ ಮಾತ್ರ. ನಿಂಟೆಡಾನಿಬ್‌ನಿಂದ ನನಗೆ ಭೇದಿ, ಮೂರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ. ಪಿರ್ಫೆನಿಡೋನ್‌ನಿಂದ ಅಣ್ಣನಿಗೆ ಹಸಿವಿಲ್ಲ, ಬಿಸಿಲಿಗೆ ಹೋದರೆ ಮುಖ ಉರಿ. ಊಟದ ಜೊತೆಗೇ ತಗೊಳ್ಳಬೇಕು, ಹೊತ್ತಿಗೆ ಮೂರರಂತೆ ದಿನಕ್ಕೆ ಒಂಬತ್ತು ಮಾತ್ರೆ.

ಹೋದ ಮಳೆಗಾಲದಲ್ಲಿ ಅವರನ್ನು ನೋಡಲು ಹೋದಾಗ ಮಾತ್ರೆಯ ಪಟ್ಟಿ ನೋಡಿದೆ. ಶಿಕ್ಷಕಿಯ ಕಣ್ಣು, ಲೆಕ್ಕ ಹಾಕದೆ ಬಿಡುವುದಿಲ್ಲ. 20 ದಿನದಲ್ಲಿ 180 ಖರ್ಚಾಗಬೇಕಿತ್ತು, 80ಕ್ಕಿಂತ ಹೆಚ್ಚು ಉಳಿದಿತ್ತು. ಕೇಳಿದರೆ ಮೊದಲು ಮರೆತುಹೋಯಿತು ಎಂದರು. ಆಮೇಲೆ ಅವರ ಹೆಂಡತಿ ಹೇಳಿದರು, “ಅಕ್ಕ, ತಿಂಗಳಿಗೆ ತಂದದ್ದನ್ನು ಎರಡು ತಿಂಗಳಿಗೆ ಎಳೀತಿದ್ದಾರೆ.” ಅಣ್ಣ ನೆಲ ನೋಡಿಕೊಂಡು ಕೂತಿದ್ದರು.

ನಮ್ಮ ನಿಧಿಗೆ ಅರ್ಜಿ ಹಾಕಿ ಎಂದೆ. ಹಾಕಿದ್ದರಂತೆ. ವಾಪಸು ಬಂದಿತ್ತು. ನಮ್ಮ ಅರ್ಜಿಯಲ್ಲಿ ಒಂದು ಕಾಲಮ್ ಇದೆ, “ಶಸ್ತ್ರಚಿಕಿತ್ಸೆಯ ದಿನಾಂಕ ಮತ್ತು ಅಂದಾಜು ವೆಚ್ಚ”. ಅಣ್ಣ ಅದರಲ್ಲಿ “ಇಲ್ಲ” ಎಂದು ಬರೆದಿದ್ದರು. ಮಾಹಿತಿ ಅಪೂರ್ಣ ಎಂದು ಅರ್ಜಿ ಹಿಂತಿರುಗಿತು. ಸಮಿತಿಯವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಮೂರು ವರ್ಷ ಈ ಸಮಿತಿಯಲ್ಲಿದ್ದೆ, ಅದೇ ಅರ್ಜಿಯನ್ನು ನಾನೂ ನೋಡಿದ್ದೆ. ಬೈಪಾಸ್, ಡಯಾಲಿಸಿಸ್‌ನ ಫಿಸ್ಟುಲಾ, ಮೊಣಕಾಲು. ಆಸ್ಪತ್ರೆಯ ಹೆಸರಿಗೆ ಒಂದು ಚೆಕ್, ಒಂದು ಫೋಟೋ, ಕೆಲಸ ಮುಗಿಯಿತು. ದಾನಿಗಳಿಗೂ ಅದು ಇಷ್ಟ, ಯಾರ ಜೀವ ಉಳಿಯಿತು ಎಂದು ಹೇಳಬಹುದು.

ಈ ಕಾಯಿಲೆಯಲ್ಲಿ ಅಂಥ ದಿನ ಬರುವುದಿಲ್ಲ. ಶ್ವಾಸಕೋಶದ ಕಸಿ ಇದೆಯಲ್ಲ ಎಂದು ಕೇಳುತ್ತೀರಿ. ಇದೆ, ಚೆನ್ನೈ, ಹೈದರಾಬಾದು, ಮುಂಬಯಿಯಲ್ಲಿ ಮಾಡುತ್ತಾರೆ. ಹತ್ತಾರು ಲಕ್ಷದ ಮಾತು, ದಾನಿಯ ಅಂಗ ಸಿಗಬೇಕು, ವಯಸ್ಸು 65ರ ಆಸುಪಾಸು ಬಂದರೆ ಒಪ್ಪುವುದು ಕಷ್ಟ, ಆಮೇಲೂ ಜೀವಮಾನವಿಡೀ ಔಷಧಿ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಆಗದ ಮಾತು. ಮೆಡಿಕ್ಲೇಮ್ ಇದ್ದರೂ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಹಣ ಕೊಡುತ್ತವೆ, ಮನೆಯಲ್ಲಿ ನುಂಗುವ ಮಾತ್ರೆಗೆ ಕೊಡುವುದಿಲ್ಲ. 70 ದಾಟಿದವರಿಗೆ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಕಾರ್ಡಿನಲ್ಲಿ 5 ಲಕ್ಷದ ಸೌಲಭ್ಯ ಬಂದಿದೆ. ಯಾರಾದರೂ ಮಾಡಿಸಿಕೊಂಡಿಲ್ಲವಾದರೆ ಮಾಡಿಸಿಕೊಳ್ಳಿ. ಅದೂ ಆಸ್ಪತ್ರೆಗೆ ಸೇರಿದಾಗಲೇ. ತಿಂಗಳ ಮೊದಲ ವಾರ ಮೆಡಿಕಲ್ ಅಂಗಡಿಯ ಮುಂದೆ ನಿಂತಾಗ ಜೇಬಿನಲ್ಲಿ ಏನಿದೆಯೋ ಅದೇ.

ಮನೆಯಲ್ಲಿ ದಿನ ಹೇಗೆ ಹೋಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಸ್ನಾನಕ್ಕೆ 40 ನಿಮಿಷ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲು, ಮೂಗಿನಲ್ಲಿ ನಳಿಕೆ ಹಾಗೇ ಇರುತ್ತದೆ. ತಲೆ ಬಾಚಲು ಕೈ ಮೇಲೆತ್ತಿದರೆ ಉಸಿರು ಸಾಲುವುದಿಲ್ಲ, ಅದಕ್ಕೆ ಜಡೆ ಕತ್ತರಿಸಿದೆ. ಅತ್ತೆಯವರು ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಹೊಟ್ಟೆ ತುಂಬ ಉಂಡರೆ ಎದೆಗೆ ಒತ್ತುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಐದು ಸಲ. ಒಗ್ಗರಣೆಯ ಮೆಣಸಿನ ಘಾಟಿಗೆ ಕೆಮ್ಮು ಹತ್ತಿದರೆ ನಿಲ್ಲುವುದಿಲ್ಲ. ಆಕ್ಸಿಜನ್ ಇರುವಲ್ಲಿ ಬೆಂಕಿ ಬಹಳ ಬೇಗ ಹತ್ತಿಕೊಳ್ಳುತ್ತದೆ, ಹಾಗಾಗಿ ಗ್ಯಾಸ್ ಒಲೆಯ ಹತ್ತಿರವೂ ಹೋಗುವುದಿಲ್ಲ. ನಮ್ಮ ಯಜಮಾನರು 66ನೇ ವಯಸ್ಸಿಗೆ ಸಾರು ಕಲಿತರು. ಉಪ್ಪು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ದೇವರ ದೀಪ ಅವರೇ ಹಚ್ಚುತ್ತಾರೆ, ನಾನು ಹಜಾರದಲ್ಲಿ ಕೂತು ಕೈಮುಗಿಯುತ್ತೇನೆ. ಊದಿನಕಡ್ಡಿ ಮನೆಯಲ್ಲೇ ಇಲ್ಲ. ಮೂಗು ಒಣಗಿದರೆ ಕೊಬ್ಬರಿ ಎಣ್ಣೆ ಹಚ್ಚಿ ಎಂದು ಊರಿನವರೆಲ್ಲ ಹೇಳುತ್ತಾರೆ, ಆಕ್ಸಿಜನ್ ಹಾಕಿಕೊಂಡವರು ಎಣ್ಣೆ, ವ್ಯಾಸಲೀನ್ ಹಚ್ಚಬಾರದು. ನೀರಿನ ಜೆಲ್ ಸಿಗುತ್ತದೆ.

ಪ್ರತಿ ವರ್ಷ ಫ್ಲೂ ಲಸಿಕೆ ತಗೊಳ್ಳಬೇಕು, ನ್ಯುಮೋನಿಯಾದ ಲಸಿಕೆಯನ್ನೂ ತಗೊಳ್ಳಬೇಕು, ಇದು ಮನೆಯವರಿಗೂ ಹೇಳುವ ಮಾತು. ಒಂದು ಸಣ್ಣ ನೆಗಡಿಯಿಂದ ನಾನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಆಮೇಲೆ ವ್ಯಾಯಾಮ. ಉಬ್ಬಸ ಇರುವವರು ಮಲಗಿಯೇ ಇರಬೇಕು ಎಂಬುದು ತಪ್ಪು. ಮಲಗಿದರೆ ಕಾಲಿನ ಶಕ್ತಿ ಹೋಗುತ್ತದೆ, ಆಗ ಇದ್ದ ಉಸಿರೂ ಸಾಲುವುದಿಲ್ಲ. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಮೂಗಿನಿಂದ ಎಳೆದು, ಬಿಸಿ ಚಹಾ ಊದುವ ಹಾಗೆ ತುಟಿ ಮಡಚಿ ನಿಧಾನ ಬಿಡುತ್ತೇನೆ. ಸೊಸೈಟಿಯ ಕಾರಿಡಾರಿನಲ್ಲಿ ದಿನಾ ಎಂಟು ಸುತ್ತು.

ಆಕ್ಸಿಜನ್ ಹಾಕಿದರೆ ಅಭ್ಯಾಸವಾಗಿಬಿಡುತ್ತದೆ ಎನ್ನುತ್ತಾರೆ. ನೆರೆಯವರು ಇನ್ನೂ ಮುಂದೆ ಹೋಗಿ, ಆಕ್ಸಿಜನ್ ಹಾಕಿದ್ದಾರಂತೆ, ಇನ್ನು ಹೆಚ್ಚು ದಿನ ಇಲ್ಲ ಎಂದು ಮಾತಾಡಿಕೊಂಡರು. ಅದಾಗಿ ಎರಡು ವರ್ಷವಾಯಿತು. ಈ ಮಾತಿಗೆ ಹೆದರಿ ಅಣ್ಣ ಆರು ತಿಂಗಳು ಆಕ್ಸಿಜನ್ ಬೇಡ ಎಂದು ಹಟ ಹಿಡಿದರು. ರಕ್ತದಲ್ಲಿ ಆಮ್ಲಜನಕ ಕಡಿಮೆ ಇದ್ದರೆ ಹೃದಯಕ್ಕೆ ಹೊರೆ. ಕನ್ನಡಕ ಹಾಕಿದರೆ ಕಣ್ಣಿಗೆ ಅಭ್ಯಾಸವಾಗುತ್ತದೆ ಎಂದು ಯಾರಾದರೂ ಕುರುಡಾಗಿ ಓಡಾಡುತ್ತಾರೆಯೇ? ಹಾಗೆ ಕೇಳಿದೆ ಅವರಿಗೆ, ಆಗ ಒಪ್ಪಿದರು.

ನನ್ನ ಕನ್ಸಂಟ್ರೇಟರ್ 5 ಲೀಟರಿನದ್ದು. ಕೋಣೆಯ ಗಾಳಿಯನ್ನೇ ಎಳೆದು, ಒಳಗಿನ ಜಿಯೋಲೈಟ್ ಹರಳುಗಳಿಂದ ಸಾರಜನಕ ಹಿಡಿದಿಟ್ಟು ಆಕ್ಸಿಜನ್ ಕೊಡುತ್ತದೆ. ಸುಮಾರು 350 ವ್ಯಾಟ್, ದಿನಕ್ಕೆ 16 ಗಂಟೆ ಎಂದರೆ ತಿಂಗಳಿಗೆ 170 ಯೂನಿಟ್ ಹತ್ತಿರ. ಕರೆಂಟ್ ಹೋದರೆ ನಿಲ್ಲುತ್ತದೆ. ಅದಕ್ಕೆ ಮನೆಯಲ್ಲಿ ಒಂದು ಬಿ ಟೈಪ್ ಸಿಲಿಂಡರ್ ಇಟ್ಟಿದ್ದೇನೆ, ಸುಮಾರು 1500 ಲೀಟರ್, ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಮಳೆಗಾಲದಲ್ಲಿ ಕಲ್ಯಾಣದ ಆಚೆ ಇರುವ ಅಣ್ಣನ ಚಾಳಿನಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ಅವರ ಹೆಂಡತಿ ಬೀಸಣಿಗೆ ಹಿಡಿದು ಕೂತಿರುತ್ತಾರೆ. ಬೀಸಣಿಗೆಯ ಗಾಳಿ ಮುಖಕ್ಕೆ ತಾಗಿದರೆ ಉಬ್ಬಸ ಸ್ವಲ್ಪ ಕಡಿಮೆ ಅನಿಸುವುದು ನಿಜ, ವೈದ್ಯರೂ ಹೇಳುತ್ತಾರೆ. ಆದರೆ ಅದು ಆಕ್ಸಿಜನ್ ಅಲ್ಲ.

ಮಗಳ ಜೊತೆ ಒಂದು ಮಾತು ಆಡಿದ್ದೇನೆ, ಇಲ್ಲಿ ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿ ಯೋಚಿಸಿದೆ. ಕೊನೆಗೆ ಶ್ವಾಸಕೋಶ ಪೂರ್ತಿ ಸೋತಾಗ ವೆಂಟಿಲೇಟರ್ ಹಾಕಿದರೆ ಈ ಕಾಯಿಲೆಯಲ್ಲಿ ಹೆಚ್ಚಿನ ಪ್ರಯೋಜನವಿಲ್ಲ ಎಂದು ನನ್ನ ವೈದ್ಯರು ಬಿಡಿಸಿ ಹೇಳಿದ್ದಾರೆ. ನನಗೆ ಬೇಡ ಎಂದು ಬರೆದು ಫೈಲಿನಲ್ಲಿಟ್ಟಿದ್ದೇನೆ. ಉಬ್ಬಸ ಕಡಿಮೆ ಮಾಡುವ ಔಷಧಿ ಕೊಡಿ, ಮನೆಯಲ್ಲಿರಲು ಬಿಡಿ ಎಂದು ಬರೆದಿದ್ದೇನೆ. ಮಗಳು ಮೊದಲು ಅತ್ತಳು, ಆಮೇಲೆ ಫೈಲಿನ ಮೇಲೆ ತನ್ನ ಫೋನ್ ನಂಬರ್ ದೊಡ್ಡದಾಗಿ ಬರೆದಳು.

ನಿಮ್ಮಲ್ಲಿ ನನ್ನ ಬೇಡಿಕೆ ಎರಡು. ಒಂದು, ಈ ವರ್ಷದ ಮನವಿಯಲ್ಲಿ ಬಂದ ಹಣದ ಒಂದು ಪಾಲು ತಿಂಗಳ ಔಷಧಿಗೆ ಎಂದು ಬೇರೆ ಇಡಬೇಕು. ಸಮಿತಿ ಆರು ತಿಂಗಳ ಮಟ್ಟಿಗೆ ಪ್ರಯೋಗವಾಗಿ ಒಪ್ಪಿದೆ, ಅಣ್ಣನ ಅರ್ಜಿಯೇ ಮೊದಲನೆಯದು. ಚೆಕ್ ರೋಗಿಯ ಹೆಸರಿಗಲ್ಲ, ಮೆಡಿಕಲ್ ಅಂಗಡಿಗೆ. ತಿಂಗಳಿಗೆ ಇಷ್ಟು ಎಂದು ಕೊಡುವವರು ಬೇಕು. ಒಮ್ಮೆಗೆ ದೊಡ್ಡ ಮೊತ್ತ ಕೊಡುವುದಕ್ಕಿಂತ 12 ತಿಂಗಳು ತಪ್ಪದೆ ಸಣ್ಣ ಮೊತ್ತ ಕೊಡುವುದು ನಮಗೆ ಹೆಚ್ಚು ಉಪಯೋಗ. ಅರ್ಧ ಮಾತ್ರೆಯ ತಿಂಗಳಲ್ಲಿ ಕಟ್ಟಿದ ನಾರನ್ನು ಮುಂದಿನ ತಿಂಗಳ ಪೂರ್ತಿ ಮಾತ್ರೆ ಬಿಡಿಸುವುದಿಲ್ಲ. ಫೋಟೋ ಮಾತ್ರ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎರಡನೆಯದಕ್ಕೆ ಹಣ ಬೇಡ. 2021ರಲ್ಲಿ ಆಕ್ಸಿಜನ್‌ಗೆ ಹಾಹಾಕಾರವಾದಾಗ ನಮ್ಮಲ್ಲಿ ಎಷ್ಟೋ ಮನೆಯವರು ಕನ್ಸಂಟ್ರೇಟರ್ ಕೊಂಡರು. ಈಗ ಅವು ಮಂಚದ ಕೆಳಗೆ, ಮಾಳಿಗೆಯ ಮೇಲೆ ಧೂಳು ಹಿಡಿಯುತ್ತಿವೆ. ದಯವಿಟ್ಟು ಭಂಗಾರದವನಿಗೆ ಕೊಡಬೇಡಿ. ಬಹಳ ಕಾಲ ಓಡಿಸದೆ ಇಟ್ಟರೆ ಒಳಗಿನ ಜಿಯೋಲೈಟ್ ತೇವ ಹೀರಿ ಕೆಡುತ್ತದೆ, ಮುಂಬಯಿಯ ಹವೆಯಲ್ಲಿ ಇನ್ನೂ ಬೇಗ. ಹಾಗೆ ಕೆಟ್ಟದ್ದು ಗುರ್ ಎಂದು ಓಡುತ್ತದೆ, ಗಾಳಿಯೂ ಬರುತ್ತದೆ, ಆದರೆ ಅದರಲ್ಲಿ ಆಕ್ಸಿಜನ್ ಕಡಿಮೆ ಇರುತ್ತದೆ. ಆದ್ದರಿಂದ ನೇರ ರೋಗಿಯ ಮನೆಗೆ ಕೊಡಬೇಡಿ, ಸಂಘಕ್ಕೆ ಕೊಡಿ. ಎಷ್ಟು ಶೇಕಡಾ ಆಕ್ಸಿಜನ್ ಬರುತ್ತದೆ ಎಂದು ಅಳೆಸಿ, ಫಿಲ್ಟರ್ ಬದಲಿಸಿ ಬೇಕಾದವರಿಗೆ ಕೊಟ್ಟು, ಅವರಿಗೆ ಬೇಡವಾದಾಗ ವಾಪಸು ತಂದು ಇನ್ನೊಬ್ಬರಿಗೆ ಕೊಡುವ ವ್ಯವಸ್ಥೆ ಮಾಡೋಣ. ಎರಡು ಯಂತ್ರ ಈಗಾಗಲೇ ಬಂದಿವೆ, ಕಾಯುತ್ತಿರುವವರು ಐದು ಮಂದಿ.

ಬಾಗಿಲ ಬಳಿಯ ಮೇಜಿನಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ನಿಮ್ಮ ಹೆಸರು, ಯಂತ್ರ ಕೊಂಡ ವರ್ಷ, ಎಷ್ಟು ಲೀಟರಿನದು ಎಂದು ಬರೆಯಿರಿ. ಯಂತ್ರದ ಮೇಲೆ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಸಣ್ಣ ಮೀಟರ್ ಇರುತ್ತದೆ, ಮನೆಗೆ ಹೋಗಿ ನೋಡಿ ಅದನ್ನು ಫೋನಿನಲ್ಲಿ ತಿಳಿಸಿದರೂ ಆದೀತು. ಸಾಗಿಸಲು ಟೆಂಪೋ ಇರುವ ಸದಸ್ಯರೊಬ್ಬರು ಭಾನುವಾರಗಳಲ್ಲಿ ಬರುತ್ತೇನೆ ಎಂದಿದ್ದಾರೆ. ಮೊದಲ ಸುತ್ತು ಡೊಂಬಿವಲಿಯಿಂದ.